ಅಬ್ರಿಲ್ ಫ್ಯಾಟ್‌ಫೇಸ್: ದಪ್ಪ ಗೆರೆಯ ಜೋರು, ತೆಳು ಗೆರೆಯ ರಗಳೆ

ಅಬ್ರಿಲ್ ಫ್ಯಾಟ್‌ಫೇಸ್ ಅನ್ನುವ ಇಂಗ್ಲಿಷ್ ಫಾಂಟಿನ ಹೆಸರು ನೀವು ಕೇಳಿರಲಿಕ್ಕಿಲ್ಲ. ಆದರೆ ಅಕ್ಷರ ನೋಡಿಯೇ ಇರುತ್ತೀರಿ. ಕೆಫೆಗಳ ಮೆನು, ಮದುವೆ ಕಾರ್ಡಿನ ಮೇಲೆ ಹುಡುಗ-ಹುಡುಗಿಯ ಇನಿಷಿಯಲ್, ಇನ್‌ಸ್ಟಾಗ್ರಾಂನಲ್ಲಿ ಸೀರೆ ಮಾರುವವರ ಪೋಸ್ಟ್, ಹೋಮ್‌ಸ್ಟೇ ಬೋರ್ಡ್, ಹೀಗೆ ಎಲ್ಲ ಕಡೆ ಇದೆ. ನೆಟ್ಟಗಿನ ಗೆರೆಗಳು ವಿಪರೀತ ದಪ್ಪ. ಅಡ್ಡ ಗೆರೆಗಳು ಕಂಡೂ ಕಾಣದಷ್ಟು ತೆಳು. ಒಮ್ಮೆ ಗುರುತು ಹಿಡಿದರೆ ಆಮೇಲೆ ಓಡುವ ಬಸ್ಸಿನ ಕಿಟಕಿಯಿಂದಲೂ ಗೊತ್ತಾಗುತ್ತದೆ.

ನಾನು ಶಿವಮೊಗ್ಗದಲ್ಲಿ ಡಿಟಿಪಿ ಮತ್ತು ಪ್ರಿಂಟಿಂಗ್ ಅಂಗಡಿ ನಡೆಸುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್, ಮೆನು ಕಾರ್ಡ್, ಬೋರ್ಡ್ ಡಿಸೈನ್ ಎಲ್ಲ ಮಾಡುತ್ತೇವೆ. ಬರುವವರಿಗೆ ಫಾಂಟಿನ ಹೆಸರು ಬೇಕಿಲ್ಲ. ಮೊಬೈಲ್ ಮುಂದೆ ಹಿಡಿದು "ಮೇಡಂ, ಈ ಥರ ಅಕ್ಷರ ಬೇಕು" ಅನ್ನುತ್ತಾರೆ. ಹಾಗೆ ತೋರಿಸುವ ಚಿತ್ರಗಳಲ್ಲಿ ಈ ಅಕ್ಷರ ಪದೇ ಪದೇ ಬರುತ್ತದೆ. ನನಗೂ ಇಷ್ಟದ ಫಾಂಟೇ. ಆದರೆ ಕೇಳಿದವರಿಗೆಲ್ಲ ಹಾಕಿ ಕೊಡುವುದಿಲ್ಲ. ಎಲ್ಲರ ಕಣ್ಣು ದಪ್ಪ ಗೆರೆಯ ಮೇಲೆ ಬೀಳುತ್ತದೆ, ಆದರೆ ಇದರ ಚೆಂದ ಇರುವುದು ತೆಳು ಗೆರೆಯಲ್ಲಿ. ಆ ತೆಳು ಗೆರೆ ಪ್ರಿಂಟ್ ಆಗಿ, ಕಟ್ ಆಗಿ, ಗೋಡೆ ಹತ್ತುವ ತನಕ ಉಳಿಯುತ್ತದಾ ಇಲ್ವಾ ಅನ್ನುವುದನ್ನೇ ನಾನು ಮೊದಲು ನೋಡುವುದು.

ಕ್ಯಾಪಿಟಲ್ 'ಎಚ್' ತೆಗೆದುಕೊಳ್ಳಿ. ಎರಡು ದಪ್ಪ ಗೆರೆ ನೆಟ್ಟಗೆ ನಿಂತಿವೆ. ನಡುವೆ ಒಂದೇ ಒಂದು ತೆಳು ಅಡ್ಡಗೆರೆ. ಮೇಲೂ ಕೆಳಗೂ ಚಾಚಿಕೊಂಡ ಪಾದಗಳು, ಅಂದರೆ ಸೆರಿಫ್, ಅವೂ ಅಷ್ಟೇ ತೆಳು. ಸ್ಮಾಲ್ 'ಒ' ಒಳಗಿನ ಬಿಳಿ ಜಾಗ ಉದ್ದಕ್ಕೆ ಸೀಳಿದಂತಿದೆ. ಸ್ಮಾಲ್ 'ಎ', 'ಸಿ', 'ಎಫ್', 'ಆರ್' ಇವುಗಳ ತುದಿಯಲ್ಲಿ ದುಂಡನೆಯ ಬೊಟ್ಟು. ತೆಳು ಗೆರೆ ಹೊರಟು, ಬಾಗಿ, ಆ ಬೊಟ್ಟಿನಲ್ಲಿ ಬಂದು ನಿಲ್ಲುತ್ತದೆ. ನನಗೆ ತುಂಬಾ ಹಿಡಿಸುವುದು ಸ್ಮಾಲ್ 'ಜಿ'. ಎರಡು ಹೊಟ್ಟೆ, ಮೇಲೆ ಒಂದು ಕಿವಿ. ಅದೊಂದೇ ಅಕ್ಷರವನ್ನು ಕಾಗದದ ತುಂಬ ದೊಡ್ಡದಾಗಿ ಹಾಕಿದರೂ ಪೋಸ್ಟರ್ ಆಗಿಬಿಡುತ್ತದೆ.

ಅಂಕಿಗಳಂತೂ ಇನ್ನೂ ಚೆಂದ. 2, 3, 5 ಇವುಗಳಲ್ಲಿ ದಪ್ಪವೂ ತೆಳುವೂ ಒಂದೇ ಉಸಿರಿನಲ್ಲಿ ಬಂದು ಹೋಗುತ್ತವೆ. ಶಾಲೆಯ ಬೆಳ್ಳಿಹಬ್ಬದ 25, ಅಂಗಡಿಯ ಶೇ 50 ರಿಯಾಯಿತಿ, ಮೊದಲ ಹುಟ್ಟುಹಬ್ಬದ 1 ಇಂಥ ಕೆಲಸಕ್ಕೆ ನಾನು ಬೇರೆ ಫಾಂಟ್ ಹುಡುಕುವುದೇ ಇಲ್ಲ. ಬೆಲೆ ಹಾಕುವಾಗ ಒಂದು ಮಾತು. ಯಾವ ಫಾಂಟ್ ಆದರೂ ರೂಪಾಯಿ ಚಿಹ್ನೆ ಟೈಪ್ ಮಾಡಿ, ಸ್ಕ್ರೀನ್ ದೊಡ್ಡದು ಮಾಡಿ ನೋಡಿ. ಆ ಚಿಹ್ನೆ ಬಂದಿದ್ದೇ 2010ರಲ್ಲಿ. ಫಾಂಟಿನಲ್ಲಿ ಇಲ್ಲದಿದ್ದರೆ ಸಾಫ್ಟ್‌ವೇರ್ ಬೇರೆ ಫಾಂಟಿನಿಂದ ಎರವಲು ತಂದು ಕೂರಿಸುತ್ತದೆ. ಇಷ್ಟು ದಪ್ಪ ಅಂಕಿಯ ಪಕ್ಕ ಬಡಕಲು ಚಿಹ್ನೆ ನಿಂತರೆ ಎದ್ದು ಕಾಣುತ್ತದೆ. ಮೆನು ಕಾರ್ಡಿನಲ್ಲಿ ನಾನು ಚಿಹ್ನೆಯನ್ನೇ ಬಿಟ್ಟು ಬರೀ ಅಂಕಿ ಹಾಕುತ್ತೇನೆ. ದೋಸೆ ಎದುರು 60 ಅಂತ ಇದ್ದರೆ ಅದು ರೂಪಾಯಿ ಅಂತ ಯಾರಿಗೂ ಹೇಳಬೇಕಾಗಿಲ್ಲ.

ಇಂಥ ಅಕ್ಷರ ಕಂಪ್ಯೂಟರ್ ಕಾಲದಲ್ಲಿ ಹುಟ್ಟಿದ್ದಲ್ಲ. 18ನೇ ಶತಮಾನದ ಕೊನೆಗೆ ಪ್ಯಾರಿಸ್‌ನಲ್ಲಿ ಅಚ್ಚಿನ ಕಸುಬು ನಡೆಸುತ್ತಿದ್ದ ದಿದೊ ಮನೆತನ ಮತ್ತು ಇಟಲಿಯ ಪಾರ್ಮಾದಲ್ಲಿದ್ದ ಮುದ್ರಕ ಜಾಂಬತಿಸ್ತಾ ಬೊದೋನಿ ತೆಳು-ದಪ್ಪದ ವ್ಯತ್ಯಾಸವನ್ನು ತುಂಬಾ ದೂರ ಎಳೆದರು. ಚೂಪು ನಿಬ್ಬಿನ ಬರವಣಿಗೆ ನೋಡಿದವರಿಗೆ ಇದರ ಗುಟ್ಟು ಗೊತ್ತು. ಕೆಳಗೆ ಎಳೆಯುವಾಗ ಕೈ ಒತ್ತುತ್ತದೆ, ನಿಬ್ಬಿನ ಸೀಳು ಅಗಲವಾಗಿ ಗೆರೆ ದಪ್ಪ ಬರುತ್ತದೆ. ಪಕ್ಕಕ್ಕೆ ಹೋಗುವಾಗ ಕೈ ಹಗುರ, ಗೆರೆ ತೆಳು. ಕಾಗದ ನುಣುಪಾಗುತ್ತಾ ಬಂತು, ಅಚ್ಚಿನ ಯಂತ್ರಗಳೂ ಸುಧಾರಿಸಿದವು. ಆ ತೆಳು ಗೆರೆಯನ್ನು ಸೀಸದ ಅಚ್ಚುಮೊಳೆಯಾಗಿ ಎರಕ ಹೊಯ್ದು ಅಚ್ಚು ಹಾಕುವುದಕ್ಕೆ ಆಗ ಧೈರ್ಯ ಬಂತು. ಆದರೆ ಅವೆಲ್ಲ ಪುಸ್ತಕದ ಅಕ್ಷರಗಳು, ನಾಜೂಕು.

ಅದನ್ನು ಬೀದಿಗೆ ತಂದಿದ್ದು ಲಂಡನ್. 19ನೇ ಶತಮಾನದ ಶುರುವಿನಲ್ಲಿ ಗೋಡೆಗೆ ಅಂಟಿಸುವ ಜಾಹೀರಾತು ಜಾಸ್ತಿಯಾಯಿತು. ದೂರದಿಂದ ಕಣ್ಣಿಗೆ ಹೊಡೆಯುವ ಅಕ್ಷರ ಬೇಕಾಯಿತು. ರಾಬರ್ಟ್ ಥಾರ್ನ್ ಎಂಬ ಅಚ್ಚುಮೊಳೆ ತಯಾರಕ ದಪ್ಪ ಗೆರೆಯನ್ನು ಉಬ್ಬಿಸಿದ, ತೆಳು ಗೆರೆಯನ್ನು ಹಾಗೇ ಬಿಟ್ಟ. ಈ ಜಾತಿಯ ಅಕ್ಷರಕ್ಕೆ ಫ್ಯಾಟ್‌ಫೇಸ್ ಅನ್ನುವ ಹೆಸರು ನಿಂತಿತು. ಲಾಟರಿ ಜಾಹೀರಾತಿನವರು ಇದನ್ನು ಧಾರಾಳವಾಗಿ ಬಳಸಿದರು. ತಮಾಷೆ ಏನಂದರೆ, 1820ರಲ್ಲಿ ಥಾರ್ನ್ ತೀರಿಕೊಂಡ ಮೇಲೆ ಅವನ ಕಾರ್ಖಾನೆಯನ್ನು ಕೊಂಡ ವಿಲಿಯಂ ಥರೋಗುಡ್ ಅದಕ್ಕೆ ಸುರಿದಿದ್ದೂ ಲಾಟರಿಯ ದುಡ್ಡೇ ಅಂತ ಅಕ್ಷರ ಚರಿತ್ರೆ ಬರೆದವರು ಹೇಳುತ್ತಾರೆ.

ಅಬ್ರಿಲ್ ಫ್ಯಾಟ್‌ಫೇಸ್ ಹುಟ್ಟಿದ್ದು ಆ ಪೋಸ್ಟರ್ ಅಕ್ಷರಗಳನ್ನು ನೋಡಿಕೊಂಡು. ಮಾಡಿದವರು ವೆರೋನಿಕಾ ಬುರಿಯನ್ ಮತ್ತು ಹೊಸೆ ಸ್ಕಾಲ್ಯೋನೆ. ಇಬ್ಬರೂ ಸೇರಿ 2006ರಲ್ಲಿ ಟೈಪ್‌ಟುಗೆದರ್ ಎಂಬ ಫಾಂಟ್ ಸಂಸ್ಥೆ ಶುರು ಮಾಡಿದವರು. 2011ರಲ್ಲಿ ಬಂದ ಅಬ್ರಿಲ್ ಕುಟುಂಬ ದೊಡ್ಡದು, ಒಟ್ಟು 18 ಶೈಲಿಗಳು. ಪತ್ರಿಕೆಯ ಒಳಪುಟಕ್ಕೆ ಓದಲು ಬೇರೆ, ಶೀರ್ಷಿಕೆಗೆ ಬೇರೆ. ಅದರಲ್ಲಿ ಎಲ್ಲಕ್ಕಿಂತ ದಪ್ಪದ್ದನ್ನು ಮಾತ್ರ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಬಿಟ್ಟಿದ್ದಾರೆ. ಬೇರೆ ಫಾಂಟಿನವರು ತೆಳ್ಳಗಿನ ಒಂದನ್ನು ಸ್ಯಾಂಪಲ್ ಕೊಟ್ಟು ದಪ್ಪದ್ದಕ್ಕೆ ದುಡ್ಡು ಕೇಳುತ್ತಾರೆ. ಇವರು ಉಲ್ಟಾ ಮಾಡಿದರು. ಅದಕ್ಕೇ ಇದು ಇಷ್ಟು ಹರಡಿತು ಅಂತ ನನ್ನ ಅನಿಸಿಕೆ.

ಈಗ ನನ್ನ ಕಸುಬಿನ ಮಾತಿಗೆ ಬರೋಣ. ಕಾಗದ.

ಆರ್ಟ್ ಪೇಪರ್ ಮೇಲೆ ಈ ಫಾಂಟ್ ಅದ್ಭುತ. ಮೇಲೆ ಲೇಪ ಇರುವುದರಿಂದ ಇಂಕ್ ಒಳಗೆ ಇಳಿದು ಹರಡುವುದಿಲ್ಲ. ತೆಳು ಗೆರೆ ಕತ್ತರಿಸಿಟ್ಟಂತೆ ಬರುತ್ತದೆ. ಲೇಪ ಇಲ್ಲದ ಮ್ಯಾಪ್ಲಿತೋ ಕಾಗದದ ಮೇಲೆ ಇಂಕ್ ಸ್ವಲ್ಪ ಹೀರಿಕೊಂಡು ಗೆರೆ ಒಂದು ಚೂರು ದಪ್ಪಗಾಗುತ್ತದೆ. ಅದರಿಂದ ತೊಂದರೆ ಇಲ್ಲ. ಕೆಲವು ಸಲ ಅದೇ ಚೆನ್ನ, ಅಕ್ಷರದ ಬಿಗುವು ಸಡಿಲವಾಗಿ ಹಳೇ ಕಾಲದ ಕಳೆ ಬರುತ್ತದೆ. ರಗಳೆ ಬರುವುದು ಹ್ಯಾಂಡ್‌ಮೇಡ್ ಕಾಗದದಲ್ಲಿ. ಮದುವೆ ಮನೆಯವರಿಗೆ ಈಗ ಅದೇ ಬೇಕು. ಮುಟ್ಟಿದರೆ ಒರಟು, ನೋಡಿದರೆ ರಾಯಲ್. ಆ ಕಾಗದದ ತಗ್ಗುಗಳಿಗೆ ಇಂಕ್ ಸರಿಯಾಗಿ ತಾಗುವುದಿಲ್ಲ. ದಪ್ಪ ಗೆರೆಯಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ ಬಂದರೆ ಅದೂ ಒಂದು ಚೆಂದ ಅಂತ ನಡೆದುಹೋಗುತ್ತದೆ. ತೆಳು ಗೆರೆ ಮಾತ್ರ ಅಲ್ಲಲ್ಲಿ ತುಂಡಾಗುತ್ತದೆ. ಇನಿಷಿಯಲ್ ಎರಡು ಇಂಚು ಎತ್ತರ ಇದ್ದರೆ ಸರಿ, ಅದೇ ಫಾಂಟಿನಲ್ಲಿ ಅರ್ಧ ಇಂಚಿಗೆ ಹೆಸರು ಬೇಕು ಅಂದರೆ ನಾನು ಒಪ್ಪುವುದಿಲ್ಲ.

ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇನ್ನೊಂದು ಅಪಾಯ. ಮಲ್ಟಿಕಲರ್ ಆಫ್‌ಸೆಟ್‌ನಲ್ಲಿ ಬಣ್ಣಕ್ಕೊಂದರಂತೆ ನಾಲ್ಕು ಪ್ಲೇಟು. ನಾಲ್ಕೂ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಒಂದು ಪ್ಲೇಟ್ ಸ್ವಲ್ಪ ಜರುಗಿದರೂ ಆ ಬಣ್ಣ ಬಿಳಿ ಗೆರೆಯೊಳಗೆ ನುಗ್ಗುತ್ತದೆ. ಗೆರೆ ಮುಚ್ಚಿಹೋಗುತ್ತದೆ. ಒಂದು ರೆಸಾರ್ಟ್‌ನವರ ಬ್ರೋಷರ್ ಹೀಗೇ ಆಯಿತು. ಫೈಲು ಬೇರೆಯವರು ಮಾಡಿಕೊಟ್ಟಿದ್ದು, ನಮ್ಮಲ್ಲಿ ಬರೀ ಪ್ರಿಂಟ್. ಹಿನ್ನೆಲೆ ನಾಲ್ಕು ಬಣ್ಣ ಸೇರಿಸಿದ ಕಡುಗಪ್ಪು, ಅದರ ಮೇಲೆ ಸಣ್ಣ ಅಳತೆಯಲ್ಲಿ ಬಿಳಿ ಅಬ್ರಿಲ್. ಪ್ರೂಫ್ ತೋರಿಸಿ, ಹಿನ್ನೆಲೆಗೆ ಬರೀ ಕಪ್ಪು ಇಂಕ್ ಸಾಕು, ಅಕ್ಷರ ದೊಡ್ಡದು ಮಾಡಿ ಅಂದೆ. ಮೊಬೈಲ್‌ನಲ್ಲಿ ಚೆನ್ನಾಗೇ ಕಾಣುತ್ತಲ್ಲ ಅಂದರು. ಅಚ್ಚಾಗಿ ಬಂದಾಗ 'ಇ' ಅಕ್ಷರದ ಅಡ್ಡಗೆರೆಗಳು ಅರ್ಧ ಮಾಯ.

ತಿಳಿ ಬಣ್ಣದ ಅಕ್ಷರವೂ ಹಾಗೇ. ಬೂದು, ತಿಳಿಗುಲಾಬಿ ಇವೆಲ್ಲ ಅಚ್ಚಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತವೆ. ದಪ್ಪ ಗೆರೆಯಲ್ಲಿ ಗೊತ್ತಾಗುವುದಿಲ್ಲ. ತೆಳು ಗೆರೆ ಅಂದರೆ ಬರೀ ಚುಕ್ಕೆಗಳ ಸಾಲು. ಹಾಗಾಗಿ ಈ ಫಾಂಟಿಗೆ ನಾನು ಗಟ್ಟಿ ಬಣ್ಣ ಮಾತ್ರ ಕೊಡುತ್ತೇನೆ. ಕಪ್ಪು, ಕಡುನೀಲಿ, ಮರೂನ್. ಅಳತೆ 24 ಪಾಯಿಂಟ್‌ಗಿಂತ ಕೆಳಗೆ ಇಳಿಸುವುದಿಲ್ಲ. ಅದು ಎಲ್ಲೂ ಬರೆದಿಟ್ಟ ನಿಯಮ ಅಲ್ಲ, ನನ್ನ ಕಣ್ಣಿನ ಲೆಕ್ಕ.

ಬಟ್ಟೆ ಚೀಲಕ್ಕೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವುದಾದರೆ ಇನ್ನೂ ದೊಡ್ಡದು ಬೇಕು. ಸ್ಕ್ರೀನಿನ ಬಲೆಯ ಕಣ್ಣಿಗಿಂತ ಸಣ್ಣ ಗೆರೆ ಬಲೆಯಲ್ಲಿ ನಿಲ್ಲುವುದೇ ಇಲ್ಲ. ನಿಂತರೂ ಬಟ್ಟೆಯ ನೂಲು ಅದನ್ನು ಹರಡಿಸುತ್ತದೆ. ಸೀಲು ಮಾಡಿಸುವವರಿಗಂತೂ ಖಡಾಖಂಡಿತ ಬೇಡ. ಮೆತ್ತಗಿನ ಸೀಲಿನಲ್ಲಿ ತೆಳು ಗೆರೆ ಒತ್ತಿದಾಗ ವಾಲುತ್ತದೆ. ದಪ್ಪ ಗೆರೆಗೆ ಇಂಕ್ ಜಾಸ್ತಿ ಹತ್ತಿ ಪಕ್ಕದ ಬಿಳಿ ಜಾಗವೂ ತುಂಬಿಹೋಗುತ್ತದೆ.

ಬೋರ್ಡಿನ ಕೆಲಸದಲ್ಲಿ ತೆಳು ಗೆರೆಯ ಕಾಟ ಬೇರೆ ಥರ. ಗಾಜಿನ ಬಾಗಿಲಿಗೆ ಅಂಟಿಸುವ ರೇಡಿಯಂ ಸ್ಟಿಕರ್ ಕಟಿಂಗ್ ನೋಡಿ. ಮೆಷಿನ್ ಏನೋ ಕತ್ತರಿಸುತ್ತದೆ. ಆಮೇಲೆ ಬೇಡದ ಭಾಗವನ್ನು ಕೈಯಿಂದ ಕಿತ್ತು ತೆಗೆಯಬೇಕು. ಆಗ ತೆಳು ಗೆರೆ ಅದರ ಜೊತೆಗೇ ಎದ್ದು ಬರುತ್ತದೆ. ನಮ್ಮ ಕಟಿಂಗ್ ಹುಡುಗ ಫೈಲು ತೆರೆದು ಈ ಫಾಂಟ್ ಕಂಡ ಕೂಡಲೇ "ಅಕ್ಕಾ, ಇದು ಬೇಡ" ಅನ್ನುತ್ತಾನೆ. ಹೇಗೋ ಅಂಟಿಸಿದರೂ ಗಾಜು ಒರೆಸುವವರ ಬಟ್ಟೆಗೆ ಸಿಕ್ಕಿ ಮೊದಲು ಏಳುವುದು ಆ ಗೆರೆಯೇ. ಅಕ್ರಿಲಿಕ್ ಅಕ್ಷರ ಕೊರೆಸಿದರೆ 'ಎನ್', 'ಯು' ಇವುಗಳ ತೆಳು ಭಾಗ ಸಾಗಿಸುವಾಗಲೇ ಮುರಿಯಬಹುದು. ಒಳಗೆ ಎಲ್ಇಡಿ ಕೂರಿಸುವ ಬೋರ್ಡ್ ಆದರಂತೂ ತೆಳು ಗೆರೆಯೊಳಗೆ ಬಲ್ಬ್ ಕೂರಲು ಜಾಗವೇ ಇಲ್ಲ. ದಪ್ಪ ಗೆರೆ ಉರಿಯುತ್ತದೆ, ಉಳಿದದ್ದು ಕತ್ತಲು. ಎಸಿಪಿ, ಅಂದರೆ ಅಲ್ಯುಮಿನಿಯಂ ಹೊದಿಸಿದ ಹಲಗೆಯ ಮೇಲೆ ಪ್ರಿಂಟ್ ಮಾಡಿ ಅಂಟಿಸುವುದಾದರೆ ಮಾತ್ರ ನಾನು ಹೂಂ ಅನ್ನುತ್ತೇನೆ.

ಫ್ಲೆಕ್ಸ್‌ನಲ್ಲಿ ಗೆರೆ ಮುರಿಯುವ ಭಯ ಇಲ್ಲ. ಅಲ್ಲಿ ದೂರದ ಸಮಸ್ಯೆ. ರಸ್ತೆಯ ಆಚೆಯಿಂದ ನೋಡಿದಾಗ ತೆಳು ಗೆರೆ ಕಣ್ಣಿಗೆ ಸಿಗುವುದಿಲ್ಲ. ದಪ್ಪ ಗೆರೆ ಮಾತ್ರ ಉಳಿಯುತ್ತದೆ. 'ಎಚ್' ಅನ್ನುವುದು ಎರಡು ಗೂಟವಾಗುತ್ತದೆ. 'ಎಲ್', 'ಇ', 'ಎಫ್' ಮೂರೂ ಒಂದೇ ಥರ ಕಾಣುತ್ತವೆ. ಫಾಂಟಿನ ಹೆಸರಲ್ಲೇ ಫ್ಯಾಟ್ ಇದೆ, ದಪ್ಪಗಿದೆ, ಹಾಗಾಗಿ ದೂರಕ್ಕೆ ಚೆನ್ನಾಗಿ ಕಾಣುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ದೂರದಿಂದ ಓದಿಸುವುದು ಬರೀ ದಪ್ಪ ಅಲ್ಲ, ಅಕ್ಷರ ಅಕ್ಷರದ ನಡುವಿನ ವ್ಯತ್ಯಾಸ. ಆ ವ್ಯತ್ಯಾಸ ಇಲ್ಲಿ ತೆಳು ಗೆರೆಯ ಕೈಯಲ್ಲಿದೆ. ಹೈವೇ ಪಕ್ಕದ ಡಾಬಾ ಬೋರ್ಡಿಗೆ ಇದನ್ನು ಹಾಕುವುದು ದುಡ್ಡು ದಂಡ. ಅಂಗಡಿಯ ಒಳಗಿನ ಗೋಡೆಗೆ, ಕೌಂಟರ್ ಹಿಂದೆ, ನಾಲ್ಕೈದು ಹೆಜ್ಜೆ ದೂರದಿಂದ ನೋಡುವ ಜಾಗಕ್ಕೆ ಹಾಕಿ. ಫೋಟೋದಲ್ಲೂ ಸೊಗಸಾಗಿ ಬರುತ್ತದೆ. ಈಗಿನ ಕೆಫೆಯವರಿಗೆ ಬೇಕಾಗಿರುವುದೂ ಅದೇ ತಾನೇ.

ಬೋರ್ಡ್ ಅಂದಾಗ ಕನ್ನಡದ ಮಾತು ಬರಲೇಬೇಕು. 2024ರ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ಅಂಗಡಿ, ಹೋಟೆಲ್ ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಮೊದಲು ಇಂಗ್ಲಿಷ್ ಹೆಸರನ್ನು ಅಬ್ರಿಲ್‌ನಲ್ಲಿ ದೊಡ್ಡದಾಗಿ ಹಾಕಿ, ಕನ್ನಡವನ್ನು ಮೂಲೆಯಲ್ಲಿ ಸುಮ್ನೆ ಶಾಸ್ತ್ರಕ್ಕೆ ತೂರಿಸುತ್ತಿದ್ದರು. ಈಗ ಹಾಗಿಲ್ಲ. ಕನ್ನಡವೇ ಬೋರ್ಡಿನ ಮುಖ. ನನಗೇನೋ ಖುಷಿಯೇ. ಆದರೆ ಡಿಸೈನ್ ಮಾಡುವವರಿಗೆ ಒಂದು ಪ್ರಶ್ನೆ ಎದುರಾಯಿತು. ಕೆಳಗೆ ಅಬ್ರಿಲ್ ಇದ್ದರೆ ಮೇಲೆ ಯಾವ ಕನ್ನಡ ಫಾಂಟ್?

ಅಬ್ರಿಲ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ವಿಂಡೋಸ್ ತನ್ನ ಹತ್ತಿರ ಇರುವ ತುಂಗಾ ಅಥವಾ ನಿರ್ಮಲಾ ಫಾಂಟನ್ನು ತಂದು ಹಾಕುತ್ತದೆ. ಹಳೇ ನುಡಿ 01 ಇ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಕೂರಿಸಿದ ಫಾಂಟ್ ಅದು) ಟೈಪಾದ ಫೈಲಿನ ಮೇಲೆ ಎಲ್ಲ ಸೆಲೆಕ್ಟ್ ಮಾಡಿ ಅಬ್ರಿಲ್ ಒತ್ತಿದರೆ ಇನ್ನೂ ಮಜಾ. ಲಗ್ನಪತ್ರಿಕೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಅದೂ ಠೀವಿಯಿಂದ ನಿಂತಿರುತ್ತವೆ.

ಜೋಡಿಗೆ ನಾನು ಹಲವು ಕನ್ನಡ ಫಾಂಟುಗಳನ್ನು ಪಕ್ಕದಲ್ಲಿಟ್ಟು ನೋಡಿದ್ದೇನೆ. 'ಬಲೂ ತಮ್ಮ' ಅನ್ನುವ ಫಾಂಟ್ ದಪ್ಪಗಿದೆ, ಗೋಡೆಗೆ ಚೆನ್ನಾಗಿದೆ. ಆದರೆ ಅದರ ಗೆರೆ ಎಲ್ಲ ಕಡೆ ಒಂದೇ ದಪ್ಪ, ತುದಿಗಳೆಲ್ಲ ದುಂಡಗೆ. ಸ್ವಭಾವದಲ್ಲಿ ಅದು ಚೇಷ್ಟೆಯ ಫಾಂಟ್, ಅಬ್ರಿಲ್ ಬಿಗುಮಾನದ್ದು. ಮಕ್ಕಳ ಬಟ್ಟೆ ಅಂಗಡಿಗೆ ನಡೆಯುತ್ತದೆ, ಆಭರಣದ ಅಂಗಡಿಗೆ ಬೇಡ. ಅನೇಕ್ ಕನ್ನಡದ ದಪ್ಪ ಶೈಲಿ ಅಚ್ಚುಕಟ್ಟು, ಆದರೆ ಅದರಲ್ಲೂ ತೆಳು-ದಪ್ಪದ ಆಟ ಇಲ್ಲ. ತಿರೋ ಕನ್ನಡ ನನಗೆ ಓದಲು ತುಂಬಾ ಇಷ್ಟ, ಪುಸ್ತಕಕ್ಕೆ ಹೇಳಿ ಮಾಡಿಸಿದ್ದು. ಅಬ್ರಿಲ್ ಪಕ್ಕ ನಿಂತರೆ ತೂಕ ಸಾಲುವುದಿಲ್ಲ. ಕೊನೆಗೆ ನಾನು ಹೆಚ್ಚಾಗಿ ಹೋಗುವುದು ನೋಟೊ ಸೆರಿಫ್ ಕನ್ನಡದ ಬ್ಲ್ಯಾಕ್ ಶೈಲಿಗೆ. ತೂಕ ಇದೆ, ಗಾಂಭೀರ್ಯವೂ ಇದೆ. ಅಬ್ರಿಲ್‌ನಷ್ಟು ತೆಳು ಗೆರೆ ಅದರಲ್ಲಿಲ್ಲ. ಬೋರ್ಡಿಗೆ ಅದು ಒಳ್ಳೆಯದೇ, ಕನ್ನಡದ ಹೆಸರಾದರೂ ದೂರಕ್ಕೆ ಕಾಣುತ್ತದೆ.

ಅಳತೆಯ ಲೆಕ್ಕವೂ ಬೇರೆ. ಇಂಗ್ಲಿಷ್ ಕ್ಯಾಪಿಟಲ್ ಸಾಲು ಗೆರೆ ಎಳೆದಂತೆ ಮೇಲೂ ಕೆಳಗೂ ಸಪಾಟು. ಕನ್ನಡಕ್ಕೆ ಕೆಳಗೆ ಒತ್ತಕ್ಷರ ಬೇಕು, ಮೇಲೆ ಗುಡಿಸು ಬೇಕು. 'ಶ್ರೀ ಲಕ್ಷ್ಮೀ ಸ್ಟೋರ್ಸ್' ಅಂತ ಬರೆದರೆ ಕೆಳಗಿನ ಒತ್ತುಗಳು ಇಂಗ್ಲಿಷ್ ಸಾಲಿನ ತಲೆಗೆ ತಾಗುತ್ತವೆ. ನಡುವೆ ಧಾರಾಳ ಜಾಗ ಬಿಡಬೇಕು. ಇಲ್ಲದಿದ್ದರೆ 'ಕ್ಷ್ಮೀ' ಹೋಗಿ 'ಎಲ್' ಮೇಲೆ ಕೂತಿರುತ್ತದೆ.

ನನ್ನ ಅಸಮಾಧಾನ ಏನಂದರೆ, ಇದೇ ಜಾತಿಯ ಅಕ್ಷರ ದೇವನಾಗರಿಯಲ್ಲಿ ಇದೆ. ಇಂಡಿಯನ್ ಟೈಪ್ ಫೌಂಡ್ರಿಯವರ ರೋಝಾ ಒನ್. ಇಂಗ್ಲಿಷ್, ಹಿಂದಿ ಎರಡೂ ಒಂದೇ ಫಾಂಟಿನಲ್ಲಿ, ಎರಡಕ್ಕೂ ವಿಪರೀತ ತೆಳು-ದಪ್ಪ, ಅದೂ ಉಚಿತ. ಮರಾಠಿ ಗಿರಾಕಿ ಬಂದರೆ ನನ್ನ ಕೆಲಸ ಸಲೀಸು. ಕನ್ನಡದ ಉಚಿತ ಫಾಂಟುಗಳಲ್ಲಿ ಹೀಗೆ ಅಬ್ರಿಲ್ ಪಕ್ಕ ಸರಿಸಮ ನಿಲ್ಲುವಂಥದ್ದು ನನಗೆ ಸಿಕ್ಕಿಲ್ಲ. ಕನ್ನಡಕ್ಕೆ ಇದು ಒಗ್ಗುವುದಿಲ್ಲ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಚಪ್ಪಟೆ ಬ್ರಷ್ ಹಿಡಿದು ಬೋರ್ಡ್ ಬರೆಯುತ್ತಿದ್ದವರ ಕೈಯಲ್ಲಿ ಕನ್ನಡ ಅಕ್ಷರ ದಪ್ಪವಾಗಿ ಶುರುವಾಗಿ, ತೆಳುವಾಗಿ ತಿರುಗಿ, ಮತ್ತೆ ದಪ್ಪವಾಗುತ್ತಿತ್ತು. ನಮ್ಮ ದುಂಡು ಅಕ್ಷರಗಳಲ್ಲಿ ತಿರುವು ಜಾಸ್ತಿ, ಆಡಲು ಜಾಗವೂ ಜಾಸ್ತಿ. ಯಾರಾದರೂ ಮಾಡಬೇಕು ಅಷ್ಟೇ. ದುಡ್ಡು ಕೊಟ್ಟಾದರೂ ಕೊಳ್ಳುತ್ತೇನೆ.

ವೆಬ್‌ಸೈಟ್ ಮಾಡುವವರಿಗೂ ಒಂದು ವಿಷಯ. ಉಚಿತ ಅಬ್ರಿಲ್ ಫ್ಯಾಟ್‌ಫೇಸ್‌ನಲ್ಲಿ ಇರುವುದು ಒಂದೇ ಶೈಲಿ. ಇಷ್ಟು ದಪ್ಪ ಇದ್ದರೂ ಕಂಪ್ಯೂಟರಿನ ಪಾಲಿಗೆ ಅದು ರೆಗ್ಯುಲರ್. ವೆಬ್ ಪುಟದ ಶೀರ್ಷಿಕೆಗಳು ತಾವಾಗಿಯೇ ಬೋಲ್ಡ್ ಕೇಳುತ್ತವೆ. ಫಾಂಟಿನಲ್ಲಿ ಬೋಲ್ಡ್ ಇಲ್ಲದ ಕಾರಣ ಬ್ರೌಸರ್ ತಾನೇ ಅಕ್ಷರವನ್ನು ಉಬ್ಬಿಸುತ್ತದೆ. ಬೊಟ್ಟುಗಳು ಊದಿಕೊಳ್ಳುತ್ತವೆ, ತೆಳು ಗೆರೆ ದಪ್ಪಗಾಗುತ್ತದೆ, ಸೀಳುಗಳು ಮುಚ್ಚುತ್ತವೆ. ಫಾಂಟ್ ವೇಟ್ 400 ಅಂತ ಕೊಟ್ಟರೆ ಸರಿಹೋಗುತ್ತದೆ. ವರ್ಡ್‌ನಲ್ಲಿ 'ಬಿ' ಗುಂಡಿ ಒತ್ತುವವರೂ ಇದನ್ನೇ ಮಾಡುತ್ತಿರುತ್ತಾರೆ. ಇಟಾಲಿಕ್ ಕಥೆಯೂ ಹಾಗೇ. ಈ ದಪ್ಪ ಶೈಲಿಗೆ ನಿಜವಾದ ಇಟಾಲಿಕ್ ಇದೆ, ಆದರೆ ದುಡ್ಡು ಕೊಟ್ಟು ಕೊಳ್ಳುವ ಕುಟುಂಬದಲ್ಲಿ. ಉಚಿತದ್ದರಲ್ಲಿ 'ಐ' ಗುಂಡಿ ಒತ್ತಿದರೆ ಅಕ್ಷರ ಸುಮ್ಮನೆ ವಾಲುತ್ತದೆ. ನೆಟ್ಟಗಿನ ಗೆರೆಯೇ ಬಂಡವಾಳವಾಗಿರುವ ಫಾಂಟ್ ಅದು. ವಾಲಿಸಬೇಡಿ.

ಆನ್‌ಲೈನ್‌ನಲ್ಲೇ ಡಿಸೈನ್ ಮಾಡುವ ಕ್ಯಾನ್ವಾದಲ್ಲೂ ಇದು ಸಿಗುತ್ತದೆ. ಅಲ್ಲಿಂದ ಬರುವ ಫೈಲುಗಳಲ್ಲಿ ಒಂದು ಪಿಡುಗು ನೋಡುತ್ತಿದ್ದೇನೆ. ಇಡೀ ಆಹ್ವಾನ ಪತ್ರಿಕೆ ಇದೇ ಫಾಂಟಿನಲ್ಲಿ. ಹೆಸರು, ಅಪ್ಪ-ಅಮ್ಮನ ಹೆಸರು, ಮುಹೂರ್ತ, ಛತ್ರದ ವಿಳಾಸ, ಕೊನೆಗೆ ಉಡುಗೊರೆ ಬೇಡ ಅನ್ನುವ ಸಾಲೂ. ಊಟಕ್ಕೆ ಕೂರಿಸಿ ಎಲೆ ತುಂಬ ಬರೀ ಹೋಳಿಗೆ ಬಡಿಸಿದ ಹಾಗೆ. ಎರಡು ಹೆಸರಿಗೆ ಅಬ್ರಿಲ್ ಹಾಕಿ, ನಡುವಿನ ಆಂಡ್ ಚಿಹ್ನೆಯನ್ನು (&) ಬೇಕಾದರೆ ಅದಕ್ಕಿಂತ ದೊಡ್ಡದು ಮಾಡಿ. ಅದು ಈ ಫಾಂಟಿನ ಒಳ್ಳೆಯ ಆಕಾರಗಳಲ್ಲಿ ಒಂದು. ಉಳಿದದ್ದಕ್ಕೆಲ್ಲ ಸಾದಾ ಫಾಂಟ್. ಕ್ಯಾಪಿಟಲ್ ಅಕ್ಷರಗಳ ನಡುವೆ ಒಂಚೂರು ಜಾಗ ಬಿಡಿ. ಸ್ಮಾಲ್ ಅಕ್ಷರಗಳನ್ನು ಮಾತ್ರ ಹತ್ತಿರ ಹತ್ತಿರವೇ ಇರಲು ಬಿಡಿ, ಅವು ಬಿಡಿಸಿಟ್ಟರೆ ಬಿದ್ದುಹೋದಂತೆ ಕಾಣುತ್ತವೆ.

ಲೈಸೆನ್ಸ್ ವಿಷಯ ಚಿಕ್ಕದು. ಇದು ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಬಂದಿದೆ. ಗಿರಾಕಿಯ ಲೋಗೋಗೆ, ಪ್ಯಾಕೆಟ್ಟಿಗೆ, ಪುಸ್ತಕದ ಹೊದಿಕೆಗೆ, ವೆಬ್‌ಸೈಟ್‌ಗೆ ಧೈರ್ಯವಾಗಿ ಬಳಸಬಹುದು. ಫಾಂಟ್ ಫೈಲನ್ನೇ ಒಂಟಿಯಾಗಿ ಮಾರುವಂತಿಲ್ಲ. ನಮ್ಮ ಕಸುಬಿನಲ್ಲಿ ಪೆನ್‌ಡ್ರೈವ್ ತುಂಬ ಕದ್ದ ಫಾಂಟ್ ಇಟ್ಟುಕೊಂಡು ಓಡಾಡುವುದು ರೂಢಿ. ಅಂಥ ಕಡೆ ಕಾನೂನುಬದ್ಧವಾಗಿ, ಪುಕ್ಕಟೆಯಾಗಿ, ಇಷ್ಟು ಒಳ್ಳೆಯ ಅಕ್ಷರ ಸಿಗುವುದು ಸಣ್ಣ ವಿಷಯ ಅಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಕಡಿಮೆಯಾಗಿದ್ದು ಇಟಾಲಿಕ್ ಕೊಡದಿದ್ದಕ್ಕೆ.

ಇದರ ಬದಲು ಬೇರೆ ಯಾವುದು ಅಂತ ಕೇಳುವವರಿಗೆ: ಇಟಾಲಿಕ್ಕೂ ಬೇಕು, ಬೇರೆ ಬೇರೆ ದಪ್ಪವೂ ಬೇಕು ಅಂದರೆ ಪ್ಲೇಫೇರ್ ಡಿಸ್‌ಪ್ಲೇ ನೋಡಿ. ಅದೂ 2011ರದ್ದೇ, ಕ್ಲಾಸ್ ಎಗರ್ಸ್ ಸೊರೆನ್ಸನ್ ಮಾಡಿದ್ದು. ಅದರ ಬ್ಲ್ಯಾಕ್ ಶೈಲಿ ಅಬ್ರಿಲ್‌ಗಿಂತ ಸೌಮ್ಯ, ಓದಲು ಸುಲಭ. ಆದರೆ ಈಗ ಎಷ್ಟು ಕಡೆ ಕಾಣುತ್ತದೆ ಅಂದರೆ ನನಗಂತೂ ಬೇಸರ ಬಂದಿದೆ. ಅಳತೆ ಸಣ್ಣದು ಬೇಕು ಅಂದರೆ ಬೊದೋನಿ ಮೋಡಾ ಒಳ್ಳೆಯದು. ಅಕ್ಷರ ಚಿಕ್ಕದಾದಂತೆ ಅದರ ತೆಳು ಗೆರೆ ದಪ್ಪಗಾಗುವ ಹಾಗೆ ಮಾಡಿದ್ದಾರೆ. ಒಂದೇ ಫಾಂಟಿನಲ್ಲಿ ಶೀರ್ಷಿಕೆಯೂ ಅದರ ಕೆಳಗಿನ ಚಿಕ್ಕ ಸಾಲೂ ಮುಗಿಯುತ್ತವೆ. ಗಾಜಿನ ಮೇಲೆ ಕಟಿಂಗ್ ಅಂದರೆ ಡಿಎಂ ಸೆರಿಫ್ ಡಿಸ್‌ಪ್ಲೇ. ತೆಳು-ದಪ್ಪ ಇದೆ, ಆದರೆ ತೆಳು ಗೆರೆ ಕೈಗೆ ಸಿಗುವಷ್ಟು ಗಟ್ಟಿ. ನಮ್ಮ ಕಟಿಂಗ್ ಹುಡುಗನ ಓಟು ಅದಕ್ಕೇ.

ಇಂಟರ್‌ನೆಟ್ಟಿಂದ ಏನೂ ಇಳಿಸಿಕೊಳ್ಳಲು ಇಷ್ಟ ಇಲ್ಲದವರು ವರ್ಡ್‌ನ ಫಾಂಟ್ ಪಟ್ಟಿಯಲ್ಲಿ ಎಲಿಫೆಂಟ್ ಇದೆಯಾ ನೋಡಿ. ಲಂಡನ್ನಿನ ಇನ್ನೊಬ್ಬ ಮೊಳೆ ತಯಾರಕ ವಿನ್ಸೆಂಟ್ ಫಿಗಿನ್ಸ್ ಮಾಡಿದ ದಪ್ಪ ಅಕ್ಷರಗಳನ್ನು ನೋಡಿ ಮ್ಯಾಥ್ಯೂ ಕಾರ್ಟರ್ 1992ರಲ್ಲಿ ಮಾಡಿದ ಫಾಂಟ್ ಅದು. ಮೈಕ್ರೋಸಾಫ್ಟ್ ಆಫೀಸ್ ಜೊತೆಗೇ ಎಷ್ಟೋ ಕಂಪ್ಯೂಟರುಗಳಿಗೆ ಬಂದು ಕೂತಿದೆ. ಅಬ್ರಿಲ್‌ಗಿಂತ ಒರಟು, ಇನ್ನೂ ಅಗಲ. ಇಟಾಲಿಕ್ ಜೊತೆಗೇ ಬರುತ್ತದೆ.